ಕಾಗದದ ತಳದಾಗ ನಾನು

ನಮ್ಮ ಓಣ್ಯಾಗ ಏನೂ ನಡೀದ ದಿನ ಅಂದ್ರ, ಅವತ್ತು ನಾ ಊರಾಗಿಲ್ಲಂತ ತಿಳೀರಿ. ರಾಯಚೂರಾಗ ಬಿಸಿಲಿಗಿಂತ ಮಂದಿ ಸುದ್ದಿದು ಕಾವು ಜಾಸ್ತಿ. ಮೂರನೇತ್ತಕ್ಕ ಸಾಲಿ ಬಿಟ್ಟಾಕಿ ನಾನು, ಆದ್ರೂ ಹೋದ ವರ್ಷ ಗಣಿತದಾಗ ಸಿಕ್ಕೊಂಡೆ. ನಮ್ಮ ಹಿಂದಿನ ಖೋಲಿಗೆ ಮಾನ್ವಿ ಕಡೆ ಮಲ್ಲಟದ ಹುಡುಗಿ ಬಾಡಿಗಿಗೆ ಬಂದ್ಲು. ಪಿಎಚ್‌ಡಿ ಮಾಡಾಕತ್ತಿದ್ಲು. ಮಂದ್ಯಾಗ ಮ್ಯಾಲಿನವರು ಯಾರು, ಕೆಳಗಿನವರು ಯಾರು, ಅದು ಹೆಂಗ ಆಗ್ತದ ಅಂತ ಲೆಕ್ಕ ಹಾಕ್ತಾಳಂತ. ಗೈಡ್ ಸಾಹೇಬರ ಸಹಿ ಬಿದ್ರ ಮುಗೀತು, ಇಲ್ಲಾಂದ್ರ ಇಷ್ಟು ವರ್ಷದ ಓದು ನೀರಾಗ ಹೋತು.

"ಅದಕ್ಕ ಲೆಕ್ಕ ಯಾಕಬೇಕವ್ವ? ಜಗಳ ಹಚ್ಚಿ ನೋಡು, ತಿಳೀತದ" ಅಂದೆ.

ಬರಕೊಂಡ್ಲು.

ಸೀಟು

ಮೊದಲಿಗೆ ಎಲ್ಲಾರೂ ಒಂದೇ ಇರ್ತಾರಂತ. ಒಬ್ಬಾಕಿ ಹೆಂಗೋ ಒಂದ್ಸಲ ಗೆಲ್ತಾಳ. ಮುಂದಿನ ಸಲ ಎದುರಿನಾಕಿ, ಇಕಿ ಗೆದ್ದಾಕಿ ಅಂತ ತಾನಾಗೇ ಬಿಟ್ಟುಕೊಡ್ತಾಳ. ಬಿಟ್ಟುಕೊಟ್ಟಿದ್ದಕ್ಕ ಇಕಿ ಮತ್ತ ಗೆಲ್ತಾಳ. ಹಿಂಗ ಏಣಿ ನಿಲ್ತದ, ಇದು ಗೈಡ್ ಸಾಹೇಬರ ಸೂತ್ರ ಅಂತ ಹೇಳಿದ್ಲು. ಇದಕ್ಕ ಕಾಲೇಜ್ ಯಾಕ, ದೇವದುರ್ಗದ ಬಸ್ ಹತ್ತು ಅಂದೆ.

ಆ ಬಸ್ಸಿನಾಗ ಗಬ್ಬೂರಿನಾಕಿ ಒಬ್ಬಾಕಿ ಓಡಾಡ್ತಾಳ. ಕಿಡಕ್ಯಾಗಿಂದ ಟವಲ್ ಒಗದು ಸೀಟ್ ಹಿಡದವನಿಗೆ ಒಂದ್ಸಲ ಹೆಂಗ ಬೈದ್ಲಂದ್ರ, ಟವಲ್ ಬಂದ ದಾರ್‍ಯಾಗ ಹೊಳ್ಳಿ ಹೋತು. ಅವತ್ತಿಂದ ಆಕಿ ಹತ್ತಿದ್ರ ಸಾಕು, ಯಾರರ ಎದ್ದು ನಿಲ್ತಾರ. ಹೋದ ಚಳಿಗಾಲದಾಗ ಆಕಿ ಗಂಟಲು ಬಿದ್ದಿತ್ತು, ಪಿಟ್ ಅನ್ನಾಕ ಬರ್ತಿರಲಿಲ್ಲ. ಆದ್ರೂ ಒಂದಲ್ಲ, ಎರಡು ಸೀಟ್ ಖಾಲಿ ಆದವು. ಪಾಪ, ದನಿ ಇಲ್ಲಂತ ಹೇಳಾಕ ಕೈ ಎತ್ತಿ ಗಂಟಲು ತೋರಿಸಿದ್ಲು.

ಕಂಡಕ್ಟರನೂ ಎದ್ದ.

ಉಪ್ಪಿನಕಾಯಿ

ಆಮ್ಯಾಲ ಹುಡುಗಿ ಮನಿ ಮನಿಗೆ ಹೋಗಿ, ತ್ರಾಸ ಬಂದ್ರ ಯಾರನ್ನ ಕೇಳ್ತೀರಂತ ವಿಚಾರಿಸಿದ್ಲು. ಮನಿಗೊಂದು ಚುಕ್ಕಿ, ಕೇಳಾಕಿಯಿಂದ ಹೇಳಾಕಿ ಕಡೆ ಒಂದು ಬಾಣ. ಯಾರಿಗೆ ಬಾಣ ಜಾಸ್ತಿ ಬರ್ತಾವೋ ಆಕಿ ಮ್ಯಾಲ. ಎಲ್ಲಾ ಬಾಣ ಮೂಲ್ಯಾಗಿನ ದೊಡ್ಡ ಮ್ಯಾಳಗಿ ಮನಿಗೇ ಹೊಂಟವು. ಗಂಡ ರಿಟೈರ್ ಆದ ಆಫೀಸರ್, ಅದಕ್ಕ ಆಕಿಗೆ ದೊಡ್ಡಮನಿಯಾಕಿ ಅಂತೀವಿ. ಆಕಿನ್ನೇ ಯಾಕ ಕೇಳ್ತೀರಿ ಅಂದ್ರ, ಎಲ್ಲಾರೂ ಕೇಳ್ತಾರಲ್ಲ ಅಂತಾರ.

ಗಾಜಿನ ಬಳಿ ಅಂಗಡಿ ಬೀಬಿಯ ಉಪ್ಪಿನಕಾಯಿಗೆ ಬೂಷ್ಟು ಬಂದಿತ್ತು. ಏನ್ ಮಾಡ್ಲಿ ಅಂತ ದೊಡ್ಡಮನಿಗೆ ಹೋದ್ಲು. ದೊಡ್ಡಮನಿಯಾಕಿ ವಿಚಾರ ಮಾಡಿ ಸಂಜಿಗೆ ಹೇಳ್ತೀನಂದ್ಲು. ಆಕಿಗೇನು ಗೊತ್ತದ ಮಣ್ಣು? ಆ ಮನ್ಯಾಗ ಅಡಗಿ ಮನಿ ಕಂಡಾಕಿ ಅಂದ್ರ ಕೆಲಸಕ್ಕ ಬರೋ ರೊಟ್ಟಿ ಬಡಿಯಾಕಿ. ಆಕಿನ್ನ ಗುಟ್ಟಿಲೆ ಕೇಳಿದ್ಲು. ರೊಟ್ಟಿಯಾಕಿಗೂ ತಿಳೀಲಿಲ್ಲ. ಸಂಜಿಗೆ ರೊಟ್ಟಿಯಾಕಿನೇ ಸೀದಾ ಬಳಿ ಅಂಗಡಿಗೆ ಬಂದು, "ಬೀಬಿ, ನೀವು ಉಪ್ಪಿನಕಾಯ್ಯಾಗ ಪಳಗಿದವರು. ಬೂಷ್ಟು ಬಂದ್ರ ಏನ್ ಮಾಡ್ಬೇಕ್ರಿ?" ಅಂದ್ಲು.

ಬೀಬಿ ಹೇಳಿದ್ಲು: "ಸ್ವಲ್ಪ ತಡಿಯವ್ವ. ದೊಡ್ಡಮನಿಯವರನ್ನ ಕೇಳೀನಿ, ಇನ್ನೇನು ಹೇಳಿ ಕಳಸ್ತಾರ."

ತಳ

ಚಿತ್ರ ಮುಗೀತು. ನನ್ನ ಚುಕ್ಕಿ ಎಲ್ಲದ ಅಂತ ಮ್ಯಾಲಿಂದ ಹುಡುಕ್ಕೋತ ಬಂದೆ. ಓಣಿ ಸುದ್ದಿ ಎಲ್ಲಾ ನನ್ನ ಬಾಯಾಗ, ನಾ ಮ್ಯಾಲೇ ಇರಬೇಕಲ್ಲ? ಹುಡುಗಿ ಬೆರಳು ಕೆಳಗ ಇಟ್ಲು.

"ಸಿಟ್ಟಾಗಬ್ಯಾಡ್ರಿ ಆಯಿ. ನೀವು ಎಲ್ಲಾರ ಮನಿಗೂ ಹೋಗ್ತೀರಿ. ನಿಮ್ಮ ಮನಿಗೆ ಕೇಳಾಕ ಯಾರೂ ಬರಂಗಿಲ್ಲ."

ಗೈಡ್ ಸಾಹೇಬರ ಸೂತ್ರದ ಪ್ರಕಾರ ತಳಕ್ಕ ಬಿದ್ದವರು ತಳದಾಗೇ ಉಳೀತಾರಂತ. ನನಗಿಂತ ಕೆಳಗ ಯಾರರ ಅದಾರೇನು ಅಂತ ಕೇಳಿದೆ.

"ಇಲ್ಲ ಆಯಿ, ಅಲ್ಲಿಗೆ ಕಾಗದ ಮುಗೀತು."

ಹ್ಞೂಂ

ಅವತ್ತಿಂದ ಹೊಸ್ತಿಲ ದಾಟಲಿಲ್ಲ. ಬಾಗಲ ತೆಗೆದಿಟ್ಟು, ಹೊರಸಿನ ಮ್ಯಾಲ ಅಡಕಿ ಕುಟಗೋತ ಕುಂತೆ. ಯಾರೇನಂದ್ರೂ ಹ್ಞೂಂ. ಮೊದಲ ಬೀಬಿ ಬಂದು ಆರಾಮ ಇಲ್ಲೇನಂದ್ಲು. ಹ್ಞೂಂ ಅಂದೆ. ಆಕಿ ಹೊರಗ ಹೋಗಿ, ಮುದುಕಿಗೆ ಏನೋ ದೊಡ್ಡ ಸುದ್ದಿ ಗೊತ್ತಾಗ್ಯದ, ಬಾಯಿ ಬಿಡವಲ್ಲಳು ಅಂತ ಹಬ್ಬಿಸಿದ್ಲು. ಅಷ್ಟೇ ಸಾಕಾತು. ಅದು ತಮ್ಮ ಮನಿ ಸುದ್ದಿನೇ ಇರಬೇಕಂತ ಓಣಿ ಹೆಣಮಕ್ಕಳು ಒಬ್ಬರ ಹಿಂದ ಒಬ್ಬರು ಬಂದ್ರು. ಕಡೀಕ ದೊಡ್ಡಮನಿಯಾಕಿ, ಡಬ್ಬ್ಯಾಗ ಉಂಡಿ ತಗೊಂಡು.

"ನಮ್ಮವರು ಕೂದಲಿಗೆ ಬಣ್ಣ ಹಚ್ಚಿಕೊಂಡು ವಾಕಿಂಗ್ ಹೊಂಟಿದ್ದು ನಿಮಗ ಗೊತ್ತಾಗ್ಯದೇನ್ರಿ?"

ಹ್ಞೂಂ ಅಂದೆ.

"ಆ ಹಿಂದಿನ ಓಣಿ ಟೀಚರಮ್ಮನ ಜೋಡಿ ಅನ್ನೂದೂ?"

ಅಲ್ಲೀತನ ನನಗ ಬಣ್ಣದ ಸುದ್ದೀನೂ ಗೊತ್ತಿರಲಿಲ್ಲ. ಉಂಡಿ ಮಸ್ತ್ ಇದ್ದವು.

ಸಾಹೇಬರು

ಹುಡುಗಿ ಅಳುಮಾರಿ ಮಾಡಿಕೊಂಡು ಬಂದ್ಲು. ಹೊಸದಾಗಿ ಬಾಣ ಹಾಕಿದ್ರ ನನ್ನ ಚುಕ್ಕಿ ಎಲ್ಲಾರಿಗಿಂತ ಮ್ಯಾಲ ಹೋಗ್ಯದ. ತಳದಾಕಿ ಏರಾಕ ಸಾಧ್ಯ ಇಲ್ಲ, ಸಹಿ ಮಾಡಂಗಿಲ್ಲಂತ ಗೈಡ್ ಸಾಹೇಬರು ಹಟ ಹಿಡದಾರ, ತಾವೇ ಬಂದು ನೋಡ್ತಾರಂತ.

ಬಂದ್ರು. ಪ್ಯಾಂಟ್ ಎದಿಮಟ ಏರಿಸಿದ ಮನುಷ್ಯ. ನನ್ನ ನೋಡಿದ್ರು, ಚಿತ್ರ ನೋಡಿದ್ರು. "ಸೂತ್ರ ಸರಿಯಾಗಿದೆಯಮ್ಮ, ನಿಮ್ಮ ಓಣಿನೇ ತಪ್ಪಿದೆ" ಅಂತ ಹುಡುಗಿಗೆ ಹೇಳಿದ್ರು. ಆಕಿ ಮಾರಿ ಸಣ್ಣದಾತು. ಅಷ್ಟೊತ್ತಿಗೆ ರೊಟ್ಟಿಯಾಕಿ ಬಂದು, ನನ್ನ ಕಿವ್ಯಾಗ ಒಂದು ಮಾತು ಊದಿ ಹೋದ್ಲು.

"ಈಕಿ ಮುಂಜಾನೆ ದೊಡ್ಡಮನ್ಯಾಗ, ಸಂಜಿಗೆ ನಿಮ್ಮ ಕಾಲೇಜಿನ ದೊಡ್ಡ ಸಾಹೇಬರ ಮನ್ಯಾಗ ರೊಟ್ಟಿ ಬಡೀತಾಳ" ಅಂದೆ, ಅಷ್ಟೇ.

ಸಾಹೇಬರು ಹುಡುಗಿನ್ನ ನೀರು ತಾ ಅಂತ ಒಳಗ ಕಳಿಸಿದ್ರು. ಕುರ್ಚಿ ನನ್ನ ಹೊರಸಿಗೆ ಹತ್ತಿರ ಎಳಕೊಂಡು, ದನಿ ಇಳಿಸಿ ಕೇಳಿದ್ರು: "ಅಮ್ಮಾ, ನಮ್ಮ ದೊಡ್ಡ ಸಾಹೇಬರು ಈ ವರ್ಷ ಜಾಗ ಬಿಡ್ತಾರಂತಾ? ಮುಂದಿನ ಸರದಿ ನಂದು. ಮನೇಲಿ ಏನಾದ್ರೂ ಮಾತಾಡ್ತಾರಾ?"

ಹ್ಞೂಂ ಅಂದೆ. ಕುರ್ಚಿ ಇನ್ನೊಂದೀಟು ಸರೀತು.

ಬಾಗಲಾಗ ಹುಡುಗಿ ನೀರಿನ ಚೆಂಬು ಕೆಳಗಿಟ್ಟು, ಕಾಗದದಾಗ ಹೊಸಾ ಚುಕ್ಕಿ ಇಟ್ಟು ಒಂದು ಗೆರಿ ಎಳದ್ಲು. ಅದೇನಂತ ಸಾಹೇಬರು ಕೇಳಿದ್ರು.

"ಬಾಣ ಸರ್, ನಿಮ್ದು. ಆಯಿ ಕಡೆ ಹೊಂಟದ."

"ಮೊದಲ ಸಹಿ ಮಾಡ್ರಿ, ಆಮ್ಯಾಲ ಹೇಳ್ತೀನಿ" ಅಂದೆ. ಹುಡುಗಿ ಚಾಚಿದ ಪಿಎಚ್‌ಡಿ ಕಾಗದ ತೊಡಿ ಮ್ಯಾಲ ಇಟಗೊಂಡೇ ಸಹಿ ಮಾಡಿದ್ರು. ಹುಡುಗಿ ಕಾಗದ ಕಸಕೊಂಡು ಒಳಗ ಹೋದ ಮ್ಯಾಲ ಹೇಳಿದೆ: "ಅವರೆಲ್ಲಿ ಬಿಡ್ತಾರ್ರಿ? ಕುರ್ಚಿಗೆ ಹೊಸಾ ದಿಂಬು ಹೊಲಿಸಾಕ ಕೊಟ್ಟಾರ."

ಎದಿಮಟ ಇದ್ದ ಪ್ಯಾಂಟ್ ಅವತ್ತ ಮೊದಲ ಸಲ ನಡಕ್ಕ ಇಳೀತು.