ಲೋಟದ ಮೀನುಮರಿ ಮತ್ತು ನನ್ನ ಬಾಯಿ

ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದವರನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಕಷ್ಟ. ನಾನೇ ಅಂಥವನಾದ್ದರಿಂದ ಈ ಮಾತನ್ನು ಅಧಿಕಾರದಿಂದ ಹೇಳಬಲ್ಲೆ. ಲಿಂಗಸುಗೂರಿನ ಕಾಲೇಜಿನಲ್ಲಿ ನಾನು ಮನಸ್ಸಿಟ್ಟು ಕಲಿತದ್ದು ಒಂದೇ: ಎದುರಿನವರು ಏನೇ ಹೇಳಲಿ, ಅದರಲ್ಲೊಂದು ತೂತು ಹುಡುಕುವುದು. ಕಾಲೇಜು ಮುಗಿಯಿತು, ಚಟ ಉಳಿಯಿತು. ಈಗ ನನ್ನ ಎದುರಾಳಿಗಳೆಂದರೆ ಬಸ್ ಕಂಡಕ್ಟರು, ಕಟಿಂಗ್ ಅಂಗಡಿಯವನು ಮತ್ತು ಅವ್ವ. ಮೊದಲಿಬ್ಬರ ಎದುರು ಆಗೊಮ್ಮೆ ಈಗೊಮ್ಮೆ ಗೆದ್ದದ್ದುಂಟು.

ವಳಕಮದಿನ್ನಿಯ ನಮ್ಮ ಗದ್ದೆಯ ಮೂಲೆಯಲ್ಲಿ ಅವ್ವ ಹೊಂಡ ತೋಡಿಸಿ ದೇಸಿ ಮಾಗೂರ್ ಮರಿ ಬಿಟ್ಟಳು. ಮಾಗೂರ್ ಅಂದರೆ ಮೀಸೆ ಇರುವ ಮೀನು. ಸೊಳ್ಳೆಯಷ್ಟಿರುವ ಮರಿ ತಂದು, ಬೆರಳುದ್ದ ಬೆಳೆಸಿ, ಕೃಷಿಹೊಂಡ ಇರುವವರಿಗೆ ಮಾರುವುದು ಆಕೆಯ ಲೆಕ್ಕಾಚಾರ. ಅಪ್ಪ ಒಂದೇ ಷರತ್ತು ಹಾಕಿದ. "ಈ ಸಲ ಮರಿ ಮಾರಲಿಲ್ಲಂದ್ರ ಹೊಂಡ ಮುಚ್ಚಿ ನೆಲ್ಲು ಹಚ್ಚೋದ, ನೋಡು." ಅಂದಿನಿಂದ ಅವ್ವ ಟೀವಿಯ ಧಾರಾವಾಹಿಗಳನ್ನೂ ಬಿಟ್ಟು, ಬೆಳ್ಳಕ್ಕಿ ಓಡಿಸುತ್ತ ದಂಡೆಯ ಮೇಲೆಯೇ ಕೂತಳು.

ನನಗೆ ಸಹಜವಾಗಿಯೇ ತೂತು ಕಂಡಿತು. ಈ ಮರಿಗಳು ತಮಗಿಂತ ಸಣ್ಣದು ಸಿಕ್ಕರೆ ಒಡಹುಟ್ಟಿದ್ದೆಂದೂ ನೋಡದೆ ನುಂಗುತ್ತವೆ.

"ಯವ್ವಾ, ಇದು ಲುಕ್ಸಾನಿನ ಧಂದೆ. ನೀ ತೌಡು ಹಾಕಿ ಬೆಳೆಸಿದ ಮರೀನ ಇನ್ನೊಂದು ತಿಂದ್ರ, ತೌಡೂ ಹೋತು, ಮರೀನೂ ಹೋತು."

"ಎಲ್ಲಿ ಹೋತಲೇ? ಅದರ ಹೊಟ್ಟ್ಯಾಗ ಐತಿ. ಹೊಂಡ ಬಿಟ್ಟು ಹೊರಗ ಹೋಗೇತೇನು?"

"ನೀ ಮಾರೋದು ತೂಕಕ್ಕಲ್ಲ ಬೇ, ಎಣಿಕಿಗೆ. ಹೊಟ್ಟ್ಯಾಗಿಂದನ್ನ ಯಾರೂ ಎಣಿಸಂಗಿಲ್ಲ."

ಅವ್ವ ಹೊಂಡದೊಳಗೆ ಬಗ್ಗಿ ನೋಡಿದಳು. ಗೆದ್ದೆನೆಂದು ನಾನು ಬೀಗುವಷ್ಟರಲ್ಲಿ, "ಖರೇನ ಹೇಳಿದಿ. ಹಂಗಾರ ದೊಡ್ಡವನ್ನ ಬ್ಯಾರೆ ಮಾಡಬೇಕು. ಲುಂಗಿ ಎತ್ತಿ ಕಟ್ಟು, ಇಳಿ" ಎಂದಳು. ಇಳಿದೆ. ದೊಡ್ಡವನ್ನು ಬೇರೆ ಮಾಡಿದಷ್ಟೂ ಉಳಿದವುಗಳಲ್ಲೇ ಹೊಸ ದೊಡ್ಡವರು ತಲೆಯೆತ್ತುತ್ತಿದ್ದರು. ನಮ್ಮೂರಿನ ರಾಜಕೀಯ ನನಗೆ ಅರ್ಥವಾದದ್ದು ಆ ನೀರಿನಲ್ಲೇ.

ಕೊನೆಗೂ ಸಂತೆಕಲ್ಲೂರಿನ ಅಮರೇಗೌಡರು ಕೊಳ್ಳಲು ಬಂದರು. ಮರಿಗಳನ್ನೆಲ್ಲ ಒಂದೇ ಬಲೆಯಲ್ಲಿ ಕೂಡಿಹಾಕಿದೆವು. ಒಂದೊಂದಾಗಿ ಎಣಿಸುತ್ತ ಕೂತರೆ ಮರಿಗೆ ಮುಪ್ಪು ಬರುತ್ತದೆ. ಆದ್ದರಿಂದ ಒಂದು ಲೋಟ ತುಂಬ ಮೊಗೆದು, ಅದನ್ನು ಮಾತ್ರ ಎಣಿಸಿ, ಉಳಿದ ಲೋಟಗಳಿಗೂ ಅದೇ ಲೆಕ್ಕ ಹಿಡಿಯುವುದು ಈ ವ್ಯಾಪಾರದ ಪದ್ಧತಿ. ಅವ್ವ ಎಣಿಕೆಯ ಲೋಟವನ್ನು ಸಣ್ಣ ಮರಿಗಳು ಗುಂಪುಗೂಡಿದ್ದ ಮೂಲೆಯಲ್ಲಿಯೇ ಅದ್ದಿದಳು.

ನನ್ನ ಬಾಯಿ ನನ್ನನ್ನು ಕೇಳದೆ ತೆರೆಯಿತು. "ಗೌಡ್ರ, ಈ ಲೋಟ ನಡೆಯಂಗಿಲ್ಲರೀ. ಇದರಾಗ ಬರೇ ಸಣ್ಣವು ಅದಾವು, ಹೆಚ್ಚು ಹಿಡಿದಾವು. ದೊಡ್ಡವು ಇಷ್ಟು ಹಿಡಿಯಂಗಿಲ್ಲ. ಎಲ್ಲಾ ಕಲಸಿ ಮೊಗೀಬೇಕು."

ಅಪ್ಪ ಹೊಂಡವನ್ನು ಭತ್ತದ ಮಡಿಯೆಂದೇ ಭಾವಿಸಿ ನೋಡತೊಡಗಿದ. ಅವ್ವ ಮೆಲ್ಲಗೆ ಕೇಳಿದಳು. "ನೀ ಯಾರ ಮಗ ಲೇ?"

ಗೌಡರು ನಕ್ಕರು. "ಯಕ್ಕಾ, ಸಿಂಧನೂರು, ಮಸ್ಕಿ ಎಲ್ಲಾ ಕಡೆ ಮರಿ ತಂದು ನೋಡೀನಿ. ಎಣಿಕ್ಯಾಗ ಎಲ್ಲಾರೂ ಟೋಪಿ ಹಾಕ್ಯಾರ. ತನ್ನ ಮನಿಯವರ ವಿರುದ್ಧ ತಾನ ವಾದ ಮಾಡೋನ್ನ ಇಲ್ಲೇ ಕಂಡೆ. ಇಷ್ಟೂ ಮರಿ ನಾನ ಒಯ್ತೀನಿ, ಮುಂದಿನ ಸಲಾನೂ ನಿಮ್ಮಲ್ಲೇ. ಆದ್ರ ಎಣಿಸಾಕ ಇವನ ಇರಬೇಕು."

ಹೊಂಡ ಉಳಿಯಿತು. ನಿಜ ಹೇಳಬೇಕೆಂದರೆ ಆಗ ನನ್ನ ತಲೆಯಲ್ಲಿ ಪ್ರಾಮಾಣಿಕತೆ ಸುಳಿದಿರಲೇ ಇಲ್ಲ. ತೂತು ಕಂಡಿತ್ತು, ಅಷ್ಟೆ. ಇದನ್ನು ಗೌಡರಿಗೆ ವಿವರಿಸಲು ಹೊರಟಾಗ ಅವ್ವ ನನ್ನ ಕಾಲು ತುಳಿದಳು. ಈಗ ಊರಲ್ಲಿ ಯಾರ ಮನೆಯಲ್ಲಿ ಏನು ಎಣಿಸುವುದಿದ್ದರೂ ನನಗೇ ಕರೆ ಬರುತ್ತದೆ. ನಾನು ಪ್ರಾಮಾಣಿಕನೆಂಬ ಈ ಹೆಸರು ಸುಳ್ಳೆಂದು ಸಾಧಿಸಲು ನನ್ನ ಬಳಿ ಬಲವಾದ ವಾದವಿದೆ. ಯಾರೂ ನಂಬಲು ತಯಾರಿಲ್ಲ.