ಮಾಲೀಕರು ಮನಸ್ಸು ಗೆಲ್ಲಾಕ ಹೊಂಟಾಗ

ಬಾಲಾನಗರದ ನಮ್ಮ ಕಾರ್ಖಾನ್ಯಾಗ ಪಂಪಿನ ಬಿಡಿಭಾಗ ತಯಾರಾಗ್ತಾವ, ಅದರ ಜೋಡಿ ನಗುವಂಥಾ ಪ್ರಸಂಗಾನೂ ತಯಾರಾಗ್ತಾವ. ನಾ ಅಲ್ಲಿ ಸಿಬ್ಬಂದಿ ಮ್ಯಾನೇಜರ್. ಒಮ್ಮೆ ನಮ್ಮ ಮಾಲೀಕರು ಕೊಂಡಾಪುರದ ದೊಡ್ಡ ಹೋಟೆಲಿನ್ಯಾಗ ಒಂದು ಭಾಷಣ ಕೇಳಿ ಬಂದ್ರು. ನೌಕರರ ಮನಸ್ಸು ಕೆಲಸದಾಗಿದ್ರ ಧಂದೆ ತಾನಽ ಬೆಳೀತೈತಿ ಅಂತ ಯಾರೋ ಹೇಳಿದ್ರಂತ. ಅದಽ ಹೊತ್ತಿಗೆ ರಾಯಚೂರ ಕಡೆಯ ನಮ್ಮ ಲೇಥ್ ಮೇಸ್ತ್ರೀನ ಎದುರಿನ ಕಾರ್ಖಾನೆಯವರು ಕರಿಯಾಕತ್ತಿದ್ರು. ಅಂವ ಹೋದ್ರ ದೊಡ್ಡ ಆರ್ಡರ್ ಕೈಬಿಟ್ಟಂಗ. ಮಾಲೀಕರು ನನ್ನ ಕರದು, "ಅವನ ಮನಸ್ಸು ಗೆಲ್ರಿ. ಅಂವ ಹೋದ್ರ ಹಿಂದಽ ನೀವೂ ಹೊಂಡ್ರಿ" ಅಂದ್ರು.

೧. ಖುಷಿ ಸುದ್ದಿ

ಮೊದಲು ಮಾಲೀಕರು ದಿನಾ ಮುಂಜಾನೆ ಎಲ್ಲಾರನ್ನೂ ಸಾಲಾಗಿ ನಿಲ್ಲಿಸಿ, ನಿನ್ನೆ ಕೆಲಸದಾಗ ಖುಷಿ ಕೊಟ್ಟಿದ್ದೇನು ಅಂತ ಕೇಳಾಕ ಶುರು ಮಾಡಿದ್ರು. ಬಿಸಲಾಗ ನಿಂತು ಎಲ್ಲಾರೂ ನೆಲಾ ನೋಡ್ತಿದ್ರು. ಒಂದಿನ ಮೇಸ್ತ್ರಿ ಕೈ ಎತ್ತಿದ. ನನಗ ಜೀವ ಬಂದಂಗಾತು.

"ನಿನ್ನೆ ನಿಮ್ಮ ಕಾರು ಕೆಟ್ಟು ನೀವು ತಡಾ ಬಂದ್ರಿ, ಈ ಮೀಟಿಂಗ್ ಆಗಲಿಲ್ರಿ" ಅಂದ.

೨. ಹುಟ್ಟಿದ ದಿನ

ಮುಂದ ಪ್ರತಿಯೊಬ್ಬರ ಹುಟ್ಟಿದ ದಿನಾ ಕೇಕ್ ಕೊಯ್ಯೋಣು ಅಂತ ಆತು. ಏಪ್ರಿಲ್ ಹೋತು, ಮೇ ಹೋತು, ಯಾರೂ ಹುಟ್ಟಲಿಲ್ಲ. ಜೂನ್ ಒಂದಕ್ಕ ನೋಡಿದ್ರ ಅರ್ಧಕ್ಕರ್ಧ ಕಾರ್ಖಾನೀನಽ ಹುಟ್ಟಿಬಿಟ್ಟಿತ್ತು. ಬೇಕರಿಯಾಗಿನ ಕೇಕ್ ಎಲ್ಲಾ ನಮ್ಮ ಕಡೇನಽ ಬಂದ್ವು. ಮಧ್ಯಾಹ್ನದ ತನಕ ಮಷೀನ್ ಬಂದ್. ಮಾಲೀಕರು ತಲಿ ಕೆರಕೊಂತ, ನೀವೆಲ್ಲಾ ಒಂದಽ ದವಾಖಾನ್ಯಾಗ ಹುಟ್ಟೀರೇನು ಅಂತ ಕೇಳಿದ್ರು.

"ದವಾಖಾನ್ಯಾಗ ಅಲ್ರಿ, ಸಾಲಿಗೆ ಹೆಸರು ಹಚ್ಚುವಾಗ ಹೆಡ್‌ಮಾಸ್ತರ ಕೈಯಾಗ ಹುಟ್ಟಿದವ್ರು" ಅಂದ ಮೇಸ್ತ್ರಿ, ಬಾಯಿತುಂಬಾ ಕೇಕ್ ಇಟಗೊಂಡು.

೩. ಉತ್ತಮ ನೌಕರ

ಇಷ್ಟಾದ್ರೂ ಮೇಸ್ತ್ರಿ ಕರಗಲಿಲ್ಲ. ಸೋಮವಾರದಿಂದ ಎದುರಿನ ಕಾರ್ಖಾನಿಗೆ ಹೊಂಟಾನ ಅಂತ ಸುದ್ದಿ ಬಂತು. ಮಾಲೀಕರು ಕಡೀ ಅಸ್ತ್ರ ತಗದ್ರು. ಮೇಸ್ತ್ರೀನ ತಿಂಗಳ ಉತ್ತಮ ನೌಕರ ಮಾಡಿ, ಅವನ ದೊಡ್ಡ ಫೋಟೋ ಗೇಟಿನ್ಯಾಗ ತೂಗಹಾಕಿಸಿದ್ರು. ಅಂವ ನೋಡಿದ್ರ ರಜಾ ಹಾಕಿ ಊರಿಗೆ ಹೋಗಿದ್ದ.

ನಮ್ಮ ಗೇಟಿನ ವಾಚ್‌ಮನ್ ಭಾಳ ಭಕ್ತ. ಬಾಜೂಕಿನ ಗಣಪತಿ ಫೋಟೋಕ್ಕ ದಿನಾ ಹಾರ ಹಾಕಿ ಊದಿನಕಡ್ಡಿ ಹಚ್ಚಾಂವ. ಒಬ್ಬರಿಗೆ ಮಾಡಿ ಇನ್ನೊಬ್ಬರಿಗೆ ಬಿಡೂದು ಸರಿ ಅಲ್ಲ ಅಂತ ಮೇಸ್ತ್ರಿಗೂ ಹಾರ ಹಾಕಿ, ಊದಿನಕಡ್ಡಿ ಹಚ್ಚಿಬಿಟ್ಟ.

ಅದನ್ನ ಕಂಡು ಎದುರಿನ ಕಾರ್ಖಾನೆ ಮಾಲೀಕರು ಕಾರಿನಿಂದ ಇಳದು, ಚಪ್ಪಲಿ ಬಿಟ್ಟು, ಕೈ ಮುಗದು ಹೋದ್ರಂತ. ಸೋಮವಾರ ಮೇಸ್ತ್ರಿ ಹೋಗಿ ಅವರ ಮುಂದ ನಿಂತಾಗ ಹೌಹಾರಿ ಕುರ್ಚಿ ಬಿಟ್ಟು ಎದ್ರಂತ. ಅವನ ಜಾಗಾಕ್ಕ ಆಗಲೇ ಬ್ಯಾರೆಯವ ಬಂದಿದ್ದ.

ಮೇಸ್ತ್ರಿ ಸೀದಾ ನನ್ನ ಹತ್ರ ಬಂದ. "ನಾ ಹೋಗಬಾರ್ದು ಅಂತ ಸಾಯಿಸೇ ಬಿಟ್ರಲ್ರಿ ಸಾಹೇಬ್ರ" ಅಂದು, ತನ್ನ ಲೇಥ್ ಕಡೆ ನಡದ. ಆರ್ಡರ್ ಉಳೀತು, ನನ್ನ ನೌಕರೀನೂ ಉಳೀತು. ಮನಸ್ಸು ಗೆದ್ರ ಮನಷ್ಯಾ ಎಲ್ಲೂ ಹೋಗಂಗಿಲ್ಲ ಅಂತ ಮಾಲೀಕರು ಕಂಡಕಂಡವರಿಗೆ ಹೇಳಾಕತ್ತಿದ್ರು.

ಮುಂದಿನ ತಿಂಗಳು ಉತ್ತಮ ನೌಕರನ್ನ ಆರಸೂ ಹೊತ್ತಿಗೆ ನಮ್ಮ ವೆಲ್ಡರ್ ನನ್ನ ಕ್ಯಾಬಿನ್ನಿಗೆ ಬಂದು ಕೈ ಮುಗದ.

"ಸಾಹೇಬ್ರ, ನನ್ನ ಹೆಸರು ಮಾತ್ರ ಹಾಕಬ್ಯಾಡ್ರಿ. ಮನ್ಯಾಗ ಸಣ್ಣ ಮಕ್ಕಳದಾವು."