ವಿಮಾನ ಬಿಟ್ಟ ಅಳಿಯ

ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಂಡು ಗೇಟಿನ ಕಡೆಗೆ ಹುರುಪಿನಿಂದ ಹೆಜ್ಜೆ ಹಾಕುತ್ತಿದ್ದ ಪಟ್ಟಾಭಿರಾಮನ ಜೇಬಿನಲ್ಲಿ ಫೋನು ಗುರ್ರೆಂದಿತು. ಆ ಕಡೆ ಬಾಸ್ ವಿನೋದ್. ಜಕಾರ್ತಾದ ಗಿರಾಕಿಗೆ ಇವತ್ತು ಏನೋ ಅಡಚಣೆಯಂತೆ, ಮೀಟಿಂಗು ನಾಳೆಗೆ ಹೋಗಿದೆಯಂತೆ. ಟಿಕೆಟ್ಟನ್ನು ರಾತ್ರಿಯ ವಿಮಾನಕ್ಕೆ ಬದಲಾಯಿಸಿದ್ದೂ ಆಗಿದೆ. ಆರಾಮವಾಗಿ ಮನೆಗೆ ಹೋಗಿ, ಹೆಂಡತಿಯ ಕೈಯ ಊಟ ಮಾಡಿ, ಒಂದು ನಿದ್ದೆ ತೆಗೆದು ಬಾ ಎಂದು ವಿನೋದ್ ಉದಾರವಾಗಿ ಹೇಳಿ ಫೋನಿಟ್ಟ.

ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರು. ಪಟ್ಟಾಭಿಗೆ ಮಾತ್ರ, ಜೈಲಿನ ಗೋಡೆ ಹಾರಿ ಬಂದವನನ್ನು ಜೈಲರೇ ಫೋನು ಮಾಡಿ ಊಟಕ್ಕೆ ಕರೆದಂತಾಯಿತು.

ಕಾರಣವಿತ್ತು. ಇವತ್ತೇ ಬೆಳಿಗ್ಗೆ ಬೆಂಗಳೂರಿನ ವಿಮಾನದಲ್ಲಿ ಅವನ ಹೆಂಡತಿ ವತ್ಸಲಾಳ ಚಿಕ್ಕಪ್ಪ ರಘುನಾಥರಾಯರೂ ಚಿಕ್ಕಮ್ಮ ಕಾಮಾಕ್ಷಮ್ಮನೂ ಬಂದಿಳಿಯುವವರಿದ್ದರು. ಮೆಲ್ಬರ್ನಿನಲ್ಲಿರುವ ಮಗನ ಮನೆಗೆ ಹೋಗುವ ದಾರಿಯಲ್ಲಿ ಒಂದು ವಾರ ಸಿಂಗಪುರದಲ್ಲಿ, ಅಂದರೆ ಕಲ್ಲಾಂಗ್ ಬಡಾವಣೆಯ ಪಟ್ಟಾಭಿಯ ಮನೆಯಲ್ಲಿ, ಬಿಡಾರ. ರಘುನಾಥರಾಯರು ಮೈಸೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಕಾಲೇಜು ಅವರನ್ನು ಬಿಟ್ಟಿತ್ತು, ಅವರು ಪಾಠವನ್ನು ಬಿಟ್ಟಿರಲಿಲ್ಲ. ಹಿಂದಿನ ಸಲ ಬಂದಾಗ ದಿನಾ ಬೊಟಾನಿಕ್ ಗಾರ್ಡನ್ಸ್‌ಗೆ ಕರೆದೊಯ್ಯಬೇಕಾಗಿತ್ತು. ಪ್ರತಿ ಗಿಡದ ಮುಂದೆಯೂ ನಿಂತು ಅದರ ಕುಲಗೋತ್ರ ಹೇಳುವುದು, ಹೇಳಿ ಮುಗಿದ ಮೇಲೆ "ಎಲ್ಲಿ, ಈಗ ನೀವು ಹೇಳಿ ನೋಡೋಣ ಅಳಿಯಂದ್ರೇ" ಎನ್ನುವುದು. ಜುರಾಂಗ್ ಐಲ್ಯಾಂಡ್‌ನ ರಿಫೈನರಿಯಲ್ಲಿ ಪೈಪು ಪಂಪುಗಳ ನಡುವೆ ಬದುಕು ಸವೆಸುವ ಪಟ್ಟಾಭಿ ಆ ವಾರ ಪೂರ್ತಿ ಫೇಲಾದ ಹುಡುಗನಂತೆ ತಲೆ ತಗ್ಗಿಸಿಕೊಂಡು, ಮಾವನಿಗೆ ಕೊಡೆ ಹಿಡಿದು ಅಲೆದಿದ್ದ. ಕಾಮಾಕ್ಷಮ್ಮನೋ, ಗಂಡ ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತ, ಅಳಿಯನ ಹೊಟ್ಟೆ ಮುಂದೆ ಬಂದಿದೆ, ಕೂದಲು ಹಿಂದೆ ಹೋಗಿದೆ ಎಂದು ದಿನಕ್ಕೊಂದು ಹೊಸ ಸಂಗತಿ ಪತ್ತೆಹಚ್ಚುತ್ತಿದ್ದರು.

ಹಾಗಾಗಿಯೇ ಈ ಸಲ ಅವರು ಬರುವ ಸುದ್ದಿ ತಿಳಿದ ಮರುದಿನ ಪಟ್ಟಾಭಿ ತನ್ನ ನೌಕರಿಯಲ್ಲೇ ಮೊದಲ ಬಾರಿಗೆ ಕೈಯೆತ್ತಿ, ಜಕಾರ್ತಾಕ್ಕೆ ನಾನು ಹೋಗುತ್ತೇನೆ ಎಂದಿದ್ದ. ವಿನೋದ್‌ಗೆ ಅವನ ನಿಷ್ಠೆ ಕಂಡು ಸಂತೋಷವಾಯಿತು. ವತ್ಸಲಾಗೆ ಆಗಲಿಲ್ಲ. ಬೇಕೆಂದೇ ತಪ್ಪಿಸಿಕೊಂಡು ಹೋಗುತ್ತಿದ್ದೀರಿ ಎಂದು ಅವಳು ಎರಡು ದಿನ ಮಾತು ಬಿಟ್ಟಳು. ಆ ಮೌನವೂ ಪಟ್ಟಾಭಿಗೆ ಹಿತವಾಗಿಯೇ ಇತ್ತು.

ಈಗ ಮನೆಗೆ ಹೋಗುವುದೆಂದರೆ! ಅವನು ಅಲ್ಲೇ ಒಂದು ಕುರ್ಚಿಯಲ್ಲಿ ಕುಸಿದು ಯೋಚಿಸಿದ. ಬೆಂಗಳೂರಿನ ವಿಮಾನ ಆಗಲೇ ಇಳಿದಿದೆ. ಮುದುಕರಿಬ್ಬರೂ ಪೆಟ್ಟಿಗೆ ಹಿಡಿದು ಹೊರಬಿದ್ದಿರುತ್ತಾರೆ. ಮನೆಯಲ್ಲಿ ಅವರಿದ್ದಾರೆ ಎಂದ ಮೇಲೆ ಸಿಂಗಪುರದಲ್ಲಿ ತನಗೆ ಸುರಕ್ಷಿತವಾದ ಜಾಗ ಒಂದೇ: ಇದು. ಯಾರಿಗೂ ಏನೂ ಹೇಳುವುದು ಬೇಡ, ರಾತ್ರಿಯ ತನಕ ಇಲ್ಲೇ ಕೂತು ಹಾರಿಬಿಡುವುದು.

ಹೀಗೆ ತೀರ್ಮಾನಿಸಿ ತಲೆಯೆತ್ತಿದವನಿಗೆ, ವರ್ಷಗಳಿಂದ ಓಡಾಡಿದ ಟರ್ಮಿನಲ್ಲು ಮೊದಲ ಸಲ ಕಣ್ಣಿಗೆ ಬಿತ್ತು. ಇಷ್ಟು ದಿನ ಅವನಿಗೆ ವಿಮಾನ ನಿಲ್ದಾಣವೆಂದರೆ ಮಗಳು ಆಶ್ರಿತಾಳನ್ನು ಒಂದು ಕೈಯಲ್ಲಿ, ಪಾಸ್‌ಪೋರ್ಟಿನ ಚೀಲವನ್ನು ಇನ್ನೊಂದು ಕೈಯಲ್ಲಿ ಹಿಡಿದು, "ಬೇಗ ಬನ್ರೀ" ಎಂಬ ಕೂಗಿನ ಹಿಂದೆ ಓಡುವ ಉದ್ದನೆಯ ಓಣಿ. ಈಗ ನೋಡಿದರೆ ಕಾಲಡಿಯಲ್ಲಿ ಮೆತ್ತನೆ ಜಮಖಾನ. ಮುಂದೆ ಜರೀಗಿಡಗಳ ನಡುವೆ ಒಂದು ಕೊಳ. ಅದರಲ್ಲಿ ಚಿನ್ನದ ಬಣ್ಣದ ದಪ್ಪ ಮೀನುಗಳು ಪಿಂಚಣಿದಾರರಂತೆ ನಿಧಾನವಾಗಿ ಅಡ್ಡಾಡುತ್ತಿದ್ದವು. ಮೆಟ್ಟಿಲು ಹತ್ತಿ ಹೋದರೆ ಮಾಳಿಗೆಯ ಮೇಲೆ ಸೂರ್ಯಕಾಂತಿ ತೋಟ. ಹಳದಿ ಹೂಗಳಾಚೆ ವಿಮಾನಗಳು ಏರುತ್ತಿದ್ದವು, ಇಳಿಯುತ್ತಿದ್ದವು. ಯಾವ ಹೂವಿನ ಲ್ಯಾಟಿನ್ ಹೆಸರನ್ನೂ ಯಾರೂ ಕೇಳಲಿಲ್ಲ. ಪಟ್ಟಾಭಿ ಕಾಫಿ ಹಿಡಿದು ಬಹಳ ಹೊತ್ತು ಅಲ್ಲಿ ಕೂತ. ಕೆಳಗೆ ಬಂದು ಪುಕ್ಕಟೆ ಇಂಟರ್‌ನೆಟ್‌ನಲ್ಲಿ ಕ್ರಿಕೆಟ್ ಸ್ಕೋರು ನೋಡಿದ. ಗಾಜಿನಾಚೆ ಮೂರನೇ ಟರ್ಮಿನಲ್ಲು ಕಟ್ಟುತ್ತಿದ್ದ ಕ್ರೇನುಗಳನ್ನು ನೋಡಿ, ಅದೂ ಬೇಗ ಮುಗಿಯಲಿ ಎಂದು ಮನಸಾರೆ ಹಾರೈಸಿದ. ಮದುವೆಯಾದ ಮೇಲೆ ಇಂಥ ರಜೆ ತನಗೆ ಸಿಕ್ಕಿದ್ದೇ ಇಲ್ಲ ಎಂದು ಅವನಿಗೆ ಖಾತ್ರಿಯಾಯಿತು.

ಆಮೇಲೆ ಕಂಡಿತು ಕಾಲು ಒತ್ತುವ ಯಂತ್ರ. ಅದಕ್ಕೂ ದುಡ್ಡಿಲ್ಲ. ಬೂಟು ಕಳಚಿ ಕಾಲು ತೂರಿಸಿ ಗುಂಡಿ ಒತ್ತಿದ್ದೇ ತಡ, ಯಂತ್ರ ಅವನ ಮೀನಖಂಡಗಳನ್ನು ಎರಡೂ ಕಡೆಯಿಂದ ಹಿಡಿದು, ಹಪ್ಪಳದ ಹಿಟ್ಟು ನಾದಿದ ಹಾಗೆ ನಾದತೊಡಗಿತು. ಪಟ್ಟಾಭಿ ಕಣ್ಣು ಮುಚ್ಚಿದ. ಬಾಯಿಂದ ತಾನಾಗಿ "ಅಬ್ಬಾ" ಎಂದು ಹೊರಟಿತು.

"ಏನ್ರೀ ಪಟ್ಟಾಭಿ, ನೀವಾಗ್ಲೇ ಜಕಾರ್ತಾಗೆ ಫ್ಲೈ ಆಗಿದೀರ ಅಂದ್ಲಲ್ಲ ವತ್ಸಲಾ?"

ಕಣ್ಣು ಬಿಟ್ಟರೆ ಎದುರಿಗೆ ಅರುಂಧತಿ. ಆಕೆ ಬ್ಯಾಂಕೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದವಳು, ಬಿಡುವಿನಲ್ಲಿ ಕನ್ನಡದವರ ಸಂಘದ ಕಾರ್ಯದರ್ಶಿ, ಮಿಕ್ಕ ಸಮಯದಲ್ಲಿ ಎಲ್ಲರ ಹಿತೈಷಿ. ಊರಿನ ಕನ್ನಡಿಗರಲ್ಲಿ ಯಾರ ಮನೆಯ ಕುಕ್ಕರು ಎಷ್ಟು ಸೀಟಿ ಕೂಗಿತು ಎಂಬುದೂ ಆಕೆಗೆ ತಿಳಿಯುತ್ತಿತ್ತು. ಬ್ಯಾಂಕಿನ ಕೆಲಸಕ್ಕೆ ಬ್ಯಾಂಕಾಕ್‌ಗೆ ಹೊರಟು, ವಿಮಾನಕ್ಕೆ ಬಹಳ ಮುಂಚೆಯೇ ಬಂದು ಕೂತಿದ್ದಳು.

ಪಟ್ಟಾಭಿ ಎದ್ದು ಓಡಲು ನೋಡಿದ. ಯಂತ್ರ ಕಾಲು ಬಿಡಲಿಲ್ಲ. ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡಿತು. ಹಾಗೇ ಜೋಲುತ್ತ, ಫ್ಲೈಟು ಡಿಲೇ ಆಗಿದೆ ಎಂದ. ಎಷ್ಟು ಹೊತ್ತು ಎಂದು ಆಕೆ ಕೇಳಿದಳು. ಹೇಳುತ್ತಿಲ್ಲ ಎಂದ.

"ಹೇಳ್ತಿಲ್ಲ ಅಂದ್ರೆ ಏನರ್ಥ? ನಾವು ಕೇಳ್ಬೇಕು ಕಣ್ರೀ, ಸುಮ್ನೆ ಕೂತ್ಕೋಬಾರ್ದು. ನೀವು ಇಲ್ಲೇ ಇರಿ, ನಾನು ವಿಚಾರಿಸ್ಕೊಂಡು ಬರ್ತೀನಿ."

ಬೇಡ ಬೇಡ ಎನ್ನುವುದರೊಳಗೆ ಅರುಂಧತಿ ಚಕ್ರದ ಪೆಟ್ಟಿಗೆ ಎಳೆದುಕೊಂಡು ಹೊರಟೇ ಹೋದಳು. ಯಂತ್ರ ತನ್ನ ಪಾಡಿಗೆ ತಾನು ಕೆಲಸ ಮುಗಿಸಿ ನಿಟ್ಟುಸಿರು ಬಿಟ್ಟ ಮೇಲೆಯೇ ಪಟ್ಟಾಭಿಗೆ ಬಿಡುಗಡೆ. ಬೂಟಿನ ದಾರವನ್ನೂ ಕಟ್ಟದೆ ಅವನು ಅಲ್ಲಿಂದ ಕಾಲ್ತೆಗೆದ. ಮೂಲೆಯಲ್ಲಿ ಒಂದು ಪುಟ್ಟ ಸಿನಿಮಾ ಹಾಲು ಕಾಣಿಸಿತು. ಅದೂ ಪುಕ್ಕಟೆ, ಅದಕ್ಕಿಂತ ಮುಖ್ಯವಾಗಿ, ಒಳಗೆ ಕತ್ತಲೆ. ಹೋಗಿ ಹಿಂದಿನ ಸಾಲಿನಲ್ಲಿ ಹುದುಗಿ ಕೂತ. ಪರದೆಯ ಮೇಲೆ ಯಾರೋ ಯಾರನ್ನೋ ಅಟ್ಟಿಸಿಕೊಂಡು ಹೋಗುತ್ತಿದ್ದರು. ಪಟ್ಟಾಭಿಯ ಸಹಾನುಭೂತಿಯೆಲ್ಲ ಮುಂದೆ ಓಡುವವನ ಕಡೆಗೇ ಇತ್ತು.

ಅತ್ತ ಅರುಂಧತಿ ಮಾಹಿತಿ ಕೌಂಟರಿನಲ್ಲಿ ವಿಚಾರಿಸಿದರೆ, ಜಕಾರ್ತಾದ ಬೆಳಗಿನ ವಿಮಾನ ಒಂದು ನಿಮಿಷವೂ ತಡವಾಗದೆ ಹೋಗಿ ಎಷ್ಟೋ ಹೊತ್ತಾಗಿದೆ ಎಂಬ ಉತ್ತರ ಬಂತು. ಅಯ್ಯೋ ಪಾಪ, ಕಾಲು ಒತ್ತಿಸಿಕೊಳ್ಳುತ್ತ ನಿದ್ದೆ ಹೋಗಿ ವಿಮಾನ ತಪ್ಪಿಸಿಕೊಂಡಿದ್ದಾರೆ, ಇನ್ನೂ ಅವರಿಗೇ ಗೊತ್ತಿಲ್ಲ ಎಂದು ಆಕೆ ಓಡಿ ಬಂದಳು. ಯಂತ್ರ ಖಾಲಿ. ಅಕ್ಕಪಕ್ಕ ಎಲ್ಲೂ ಆಸಾಮಿ ಇಲ್ಲ. ಒಬ್ಬ ಮನುಷ್ಯ ಹೀಗೆ ಮಾಯವಾದರೆ ಸುಮ್ಮನಿರುವ ಹೆಂಗಸಲ್ಲ ಅರುಂಧತಿ. ಮತ್ತೆ ಕೌಂಟರಿಗೆ ಹೋಗಿ, ಮೈಕಿನಲ್ಲಿ ಕೂಗಿಸಿದಳು.

"ಮಿಸ್ಟರ್ ಪಟಾಬಿ ಲಾಮಾ" ಎಂದು ಚೀನೀ ಹುಡುಗಿಯ ಇಂಪಾದ ದನಿ ಇಡೀ ಟರ್ಮಿನಲ್ಲಿಗೆ ಸಾರಿತು. ಟಿಬೆಟಿನ ಯಾವನೋ ಸನ್ಯಾಸಿ ಇರಬೇಕೆಂದು ಪಟ್ಟಾಭಿ ಅಲುಗಾಡಲಿಲ್ಲ. ಎರಡನೆಯ ಸಲ "ಮಿಸ್ಟರ್ ಪಟಾಬಿ ಲಾಮಾ ಫ್ರಮ್ ಕಲ್ಲಾಂಗ್, ಯುವರ್ ಫ್ರೆಂಡ್ ಈಸ್ ವೆರಿ ವರೀಡ್" ಎಂದಿತು. ಆ ಲಾಮಾ ತಾನೇ ಎಂದು ಅವನಿಗೆ ಆಗ ಹೊಳೆಯಿತು. ಮೂರನೆಯ ಸಲ ಕೂಗುವುದರೊಳಗೆ ಬಾಯಿ ಮುಚ್ಚಿಸದಿದ್ದರೆ, ಯಾರೋ ಒಬ್ಬ ಪರಿಚಯದವನ ಕಿವಿಗೆ ಬಿದ್ದು ಸುದ್ದಿ ತನಗಿಂತ ಮೊದಲು ಮನೆ ಸೇರುತ್ತದೆ. ಅವನು ಕತ್ತಲೆಯಿಂದ ಎದ್ದು ಕೌಂಟರಿನ ಕಡೆಗೆ ಧಾವಿಸಿದ.

ಕೌಂಟರಿನ ಮುಂದೆ ಅರುಂಧತಿ ನಿಂತಿದ್ದಳು. ಅವಳ ಒಂದು ಪಕ್ಕದಲ್ಲಿ ಮಂಕಿ ಟೋಪಿ ಹಾಕಿದ ರಘುನಾಥರಾಯರು. ಇನ್ನೊಂದು ಪಕ್ಕದಲ್ಲಿ ಕಂಚಿ ಸೀರೆಗೆ ಕ್ಯಾನ್ವಾಸ್ ಬೂಟು ತೊಟ್ಟ ಕಾಮಾಕ್ಷಮ್ಮ.

ಚಾಂಗಿಯಲ್ಲಿ ಬಂದಿಳಿದವರೂ ಹೊರಡುವವರೂ ಒಂದೇ ಹಜಾರದಲ್ಲಿ ಓಡಾಡುತ್ತಾರೆ ಎಂಬುದು ಪಟ್ಟಾಭಿಗೆ ಆ ಕ್ಷಣದಲ್ಲಿ ನೆನಪಾಯಿತು.

"ಲಾಮಾ ಅಂದಾಗ ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ಕಲ್ಲಾಂಗ್ ಅಂದ್ರು ನೋಡಿ, ಆಗ ಇವಳಿಗೆ ಹೇಳ್ದೆ, ನಮ್ಮ ಅಳಿಯಂದ್ರೇ ಇರ್ಬೇಕು ಅಂತ" ಎಂದರು ರಾಯರು. "ಆದ್ರೆ ನೀವಿಲ್ಲಿ ಹೇಗೆ?"

ಅರುಂಧತಿಯೂ ಅದೇ ಪ್ರಶ್ನೆಯನ್ನು ಕಣ್ಣಲ್ಲಿ ಹಿಡಿದು ನಿಂತಿದ್ದಳು. ವಿಮಾನ ಡಿಲೇ ಆಗಿಲ್ಲವೆಂದು ಆಕೆಗೆ ಗೊತ್ತು. ಮೀಟಿಂಗು ಮುಂದಕ್ಕೆ ಹೋಯಿತೆಂದರೆ, ಮತ್ತೆ ಮನೆಗೇಕೆ ಬರಲಿಲ್ಲ ಎಂದು ಕೇಳುತ್ತಾರೆ. ಮೂವರು ಆರು ಕಣ್ಣುಗಳಿಂದ ನೋಡುತ್ತಿರುವಾಗ ಪಟ್ಟಾಭಿಯ ಬಾಯಿಂದ, ಅವನ ಅಪ್ಪಣೆಯನ್ನೇ ಕೇಳದೆ, ಒಂದು ಮಾತು ಹೊರಬಿತ್ತು.

"ನೀವು ಬರ್ತಿದೀರಲ್ಲ ಮಾವ, ಮನಸ್ಸು ಒಪ್ಪಲಿಲ್ಲ. ಫ್ಲೈಟ್ ಬಿಟ್ಬಿಟ್ಟೆ. ಬೆಳಿಗ್ಗೆಯಿಂದ ನಿಮ್ಮನ್ನೇ ಹುಡುಕ್ತಿದೀನಿ."

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. ಕಾಮಾಕ್ಷಮ್ಮ ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡು, ಹೆತ್ತ ಮಗನೂ ನಮಗಾಗಿ ವಿಮಾನ ಬಿಟ್ಟವನಲ್ಲ ಎಂದರು. ಡಿಲೇ ಎಂದದ್ದು ಇದನ್ನು ಮುಚ್ಚಿಡಲೆಂದು ತಾನೇ ಅರ್ಥಮಾಡಿಕೊಂಡು, ಮುಂದಿನ ಸಂಘದ ಸಭೆಯಲ್ಲಿ ಇದನ್ನು ಹೇಳಲೇಬೇಕು ಎಂದಳು ಅರುಂಧತಿ. ಸುಳ್ಳು ಇಷ್ಟು ಸಲೀಸಾಗಿ ಹಾರಿದ್ದು ಕಂಡು ಪಟ್ಟಾಭಿಗೇ ಸೋಜಿಗವಾಯಿತು. ಆಮೇಲೆ ಅವನಿಗೊಂದು ಅನುಮಾನ ಬಂತು. ಇವರು ಇಳಿದು ಇಷ್ಟು ಹೊತ್ತಾದರೂ ಒಳಗೇ ಏಕಿದ್ದಾರೆ?

ಅದನ್ನು ರಾಯರೇ ಹೇಳಿದರು.

"ನಿನ್ನೆ ಸಂಜೆ ವತ್ಸಲಾ ಫೋನಲ್ಲಿ, ಅವರು ಊರಲ್ಲಿರಲ್ಲ ಚಿಕ್ಕಪ್ಪ ಅಂದ್ಲು. ನೀವೇ ಇಲ್ದಿರೋ ಮನೇಲಿ ಆ ಹುಡುಗಿಗೆ ತೊಂದ್ರೆ ಯಾಕೆ ಅಂತ ಮಗನಿಗೆ ಹೇಳಿ ಮೆಲ್ಬರ್ನ್ ಟಿಕೆಟ್ಟು ಇವತ್ತು ಸಂಜೆಗೇ ಮಾಡಿಸ್ಕೊಂಡ್ವಿ. ಇಳಿದ ಮೇಲೆ ಇಲ್ಲಿರೋ ಫ್ರೀ ಫೋನಿಂದ ವತ್ಸಲಾಗೆ ತಿಳಿಸಿದ್ದೂ ಆಯ್ತು. ನಮಗೇನೂ ಬೇಜಾರಿರಲಿಲ್ಲ ಬಿಡಿ, ಜಾಗ ಅದ್ಭುತವಾಗಿದೆ. ಸಂಜೆ ತನಕ ಇಲ್ಲೇ ಕಾಲ ಕಳೆದು ಹೊರಟುಹೋಗೋಣ ಅಂತಿದ್ವಿ."

ಪಟ್ಟಾಭಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ವಿನೋದ್ ಹೇಳಿದಂತೆ ಮನೆಗೆ ಹೋಗಿದ್ದರೆ ಅಲ್ಲಿ ನೆಂಟರ್ಯಾರೂ ಇರುತ್ತಿರಲಿಲ್ಲ. ಊಟ ಮಾಡಿ, ನಿದ್ದೆ ತೆಗೆದು, ಪ್ರಪಂಚದ ಯಾವ ಗಿಡದ ಹಂಗೂ ಇಲ್ಲದೆ ರಾತ್ರಿ ಹೊರಡಬಹುದಾಗಿತ್ತು. ಆದರೂ ಇನ್ನೂ ಏನೂ ಕೆಟ್ಟಿಲ್ಲ, ಇವರು ಸಂಜೆ ಹೋಗುತ್ತಾರಲ್ಲ ಎಂಬ ಒಂದೆಳೆಯನ್ನು ಹಿಡಿದು, ಮುಖದಲ್ಲಿ ಆದಷ್ಟು ದುಃಖ ತಂದುಕೊಂಡು, ಎಂಥ ಕೆಲಸವಾಯಿತು, ಟಿಕೆಟ್ಟು ಆಗಿಹೋದ ಮೇಲೆ ಏನು ಮಾಡಲಾದೀತು ಎಂದ.

"ಛೆ ಛೆ" ಎಂದರು ಕಾಮಾಕ್ಷಮ್ಮ. "ನೀವು ನಮಗೋಸ್ಕರ ಅಷ್ಟು ದೊಡ್ಡ ವಿಮಾನ ಬಿಟ್ಟಿದೀರ. ನಾವು ಇವತ್ತೇ ಹೊರಟುಹೋದ್ರೆ ದೇವರು ಮೆಚ್ತಾನಾ?"

ಟಿಕೆಟ್ಟು ಬದಲಾಯಿಸುವುದು ಕಷ್ಟ, ಪೆಟ್ಟಿಗೆಗಳು ಆಗಲೇ ಮೆಲ್ಬರ್ನಿಗೆ ಹೊರಟಿರುತ್ತವೆ ಎಂದು ಪಟ್ಟಾಭಿ ಬಡಬಡಿಸಿದ. ಕಷ್ಟವೆಂಬ ಮಾತು ಅರುಂಧತಿಯ ಕಿವಿಗೆ ಬೀಳಬಾರದಿತ್ತು. ಎಲ್ಲರ ಪಾಸ್‌ಪೋರ್ಟುಗಳನ್ನೂ ಕಿತ್ತುಕೊಂಡು ಅವಳು ಏರ್‌ಲೈನಿನ ಕೌಂಟರಿಗೆ ನುಗ್ಗಿದಳು. ವಯಸ್ಸಾದ ದಂಪತಿ, ವಿಮಾನವನ್ನೇ ಬಿಟ್ಟ ಅಳಿಯ ಎಂದು ಅವಳು ಕತೆ ಹೇಳುವ ರೀತಿಗೆ ಕೌಂಟರಿನ ಹೆಂಗಸು ಮೂಗೊರೆಸಿಕೊಂಡಳು. ಮೆಲ್ಬರ್ನಿನ ಪ್ರಯಾಣ ವಾರವಲ್ಲ, ಎರಡು ವಾರ ಮುಂದಕ್ಕೆ ಹೋಯಿತು, ಬೇಗ ಸೀಟಿರಲಿಲ್ಲವಂತೆ. ಪೆಟ್ಟಿಗೆಗಳನ್ನು ಹುಡುಕಿ ತರಲು ಜನ ಓಡಿದರು. ಕಂಪ್ಯೂಟರಿನಲ್ಲಿ ಪಟ್ಟಾಭಿಯ ಹೆಸರಿನಲ್ಲಿ ರಾತ್ರಿಯದೊಂದು ಜಕಾರ್ತಾ ಟಿಕೆಟ್ಟು ಕಂಡಿತಂತೆ. ಕಂಪನಿಯವರು ಗೊತ್ತಿಲ್ಲದೆ ಮಾಡಿರಬೇಕು, ಅದನ್ನೂ ಕ್ಯಾನ್ಸಲ್ ಮಾಡಿಸಿ ಬಂದೆ, ಥ್ಯಾಂಕ್ಸ್ ಏನೂ ಬೇಡ ಎಂದಳು ಅರುಂಧತಿ. ಆಮೇಲೆ ತನ್ನ ಮೊಬೈಲಿನಲ್ಲಿ ವತ್ಸಲಾಳ ನಂಬರು ಒತ್ತಿ, ನಡೆದದ್ದನ್ನೆಲ್ಲ ಬಣ್ಣಿಸಿ, ಫೋನನ್ನು ಪಟ್ಟಾಭಿಯ ಕೈಗಿಟ್ಟಳು.



"ಅವರು ಹೊರಟುಹೋಗ್ತಿದ್ರು ರೀ" ಎಂದಳು ವತ್ಸಲಾ, ತೀರ ತಗ್ಗಿದ ದನಿಯಲ್ಲಿ. "ತಾವಾಗೇ ಹೊರಟುಹೋಗ್ತಿದ್ರು. ನಾನು ಸಾರಿಗೆ ಇಟ್ಟಿದ್ದ ಬೇಳೆ ಆಫ್ ಮಾಡಿ, ಕಾಲು ಚಾಚಿ ಕೂತಿದ್ದೆ."

ಪಟ್ಟಾಭಿ ಮಾವನ ಕಡೆಗೆ ನೋಡಿ ನಕ್ಕ, ಫೋನಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಹೇಳಿದ:

"ಈಗ ಏನ್ಮಾಡೋದೇ?"

"ರಾತ್ರಿ ಜಕಾರ್ತಾಗೆ ಇನ್ನೊಂದು ಫ್ಲೈಟ್ ಇದೆಯಾ?"

ಹೆಂಡತಿಯ ಮನಸ್ಸು ಇಷ್ಟು ದೊಡ್ಡದೆಂದು ಪಟ್ಟಾಭಿಗೆ ಇಷ್ಟು ವರ್ಷ ತಿಳಿದೇ ಇರಲಿಲ್ಲ. ಇದೆ, ಈಗಲೇ ಕೇಳಿದರೆ ಸೀಟು ವಾಪಸ್ ಸಿಕ್ಕೀತು ಎಂದ.

"ಹಾಗಾದ್ರೆ ಅದನ್ನ ನನ್ನ ಹೆಸರಿಗೆ ಬುಕ್ ಮಾಡಿ" ಎಂದು ವತ್ಸಲಾ ಫೋನಿಟ್ಟಳು.